ನೋವನ್ನು ಗೆದ್ದವನ ವ್ಯಸನ

ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ತಾಯಿಯವರು ಬಚ್ಚಲಿನ ಕಲ್ಲುಹಾಸಿನ ಮೇಲೆ ಜಾರಿ ಬಿದ್ದು, ಸೊಂಟದ ಕೀಲಿನ ಬಳಿ ತೊಡೆಯ ಮೂಳೆಯನ್ನು ಮುರಿದುಕೊಂಡರು. ಎಪ್ಪತ್ತಾರು ವರ್ಷದ ಜೀವ. ಆಸ್ಪತ್ರೆಗೆ ಸೇರಿಸಿದ ಮೊದಲ ರಾತ್ರಿ ಅವರು ಮಗ್ಗುಲು ಬದಲಿಸಲಾರದೆ, ತುಟಿ ಕಚ್ಚಿಕೊಂಡು, ಚಾವಣಿಯನ್ನೇ ನೋಡುತ್ತ ಮಲಗಿದ್ದರು. ಅವರನ್ನು ನೋಡುತ್ತ ಕುಳಿತ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಅಜ್ಜಿಗೂ ಮುರಿದದ್ದು ಇದೇ ಮೂಳೆ. ಆಗ ನಾನು ಹತ್ತು ವರ್ಷದ ಹುಡುಗ. ಹಳ್ಳಿಯ ನಡುಮನೆಯಲ್ಲಿ ಹಗ್ಗದ ಮಂಚದ ಮೇಲೆ ಐದು ತಿಂಗಳು ಮಲಗಿದ್ದು ಅವರು ತೀರಿಕೊಂಡರು. ರಾತ್ರಿಯ ಹೊತ್ತು ಅವರ ನರಳಿಕೆ ಕೇಳಬಾರದೆಂದು ನಾನು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದೆ. ಆ ದನಿ ಮೂವತ್ತೈದು ವರ್ಷಗಳ ಮೇಲೂ ನನ್ನ ಕಿವಿಯಲ್ಲಿ ಉಳಿದಿದೆ.

ಮಾರನೆಯ ದಿನ ಬೆಳಗ್ಗೆ ಅರಿವಳಿಕೆಯ ವೈದ್ಯೆಯೊಬ್ಬರು ಬಂದರು. ನನ್ನ ವಿದ್ಯಾರ್ಥಿನಿಯರ ವಯಸ್ಸಿಗಿಂತ ಹೆಚ್ಚೇನೂ ದೊಡ್ಡವರಲ್ಲ. ತಾಯಿಯ ತೊಡೆಸಂದಿಯ ಮೇಲೆ ಒಂದು ಪುಟ್ಟ ಉಪಕರಣವನ್ನು ಒತ್ತಿ ಹಿಡಿದು, ಪಕ್ಕದ ತೆರೆಯ ಮೇಲೆ ಮೂಡಿದ ಕಪ್ಪುಬಿಳುಪಿನ ಚಿತ್ರವನ್ನು ನೋಡುತ್ತ, ಒಂದು ಸೂಜಿಯನ್ನು ನಿಧಾನವಾಗಿ ಒಳಕ್ಕೆ ನಡೆಸಿದರು. ಚರ್ಮದಡಿಯ ಸ್ನಾಯುವನ್ನು ಹೊದ್ದಿರುವ ತೆಳುವಾದ ಪೊರೆಯೊಂದರ ಕೆಳಗೆ ಔಷಧ ಹರಡಿದ್ದು ತೆರೆಯ ಮೇಲೆ ನನಗೂ ಕಾಣಿಸಿತು. ಅರ್ಧ ಗಂಟೆಯೊಳಗೆ ತಾಯಿಯ ಮುಖದ ಗಂಟು ಸಡಿಲವಾಯಿತು. ಎಚ್ಚರವಿದ್ದಿತು, ಮಾತಿದ್ದಿತು, ಮುರಿದ ಕಾಲಿನ ನೋವು ಮಾತ್ರ ದೂರ ಸರಿದಿತ್ತು. ಆ ಮಧ್ಯಾಹ್ನ ಬೆನ್ನಿಗೆ ಬೇರೊಂದು ಚುಚ್ಚುಮದ್ದು ಕೊಟ್ಟು ಶಸ್ತ್ರಚಿಕಿತ್ಸೆ ನಡೆಸಿದರು. ಸಂಜೆ ದಿಂಬಿಗೆ ಒರಗಿ ಕುಳಿತ ತಾಯಿಯವರು, ಮನೆಯ ತುಳಸಿಗೆ ಯಾರು ನೀರು ಹಾಕಿದರೆಂದು ವಿಚಾರಿಸಿದರು.

ಬೆನ್ನಿನ ಮದ್ದು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಅಂದಿನ ರಾತ್ರಿಯ ನೋವನ್ನು ತಡೆದದ್ದು ತೊಡೆಸಂದಿಯ ಸೂಜಿ. ನರದ ಸುತ್ತ ಔಷಧವನ್ನಿಟ್ಟು, ನೋವಿನ ಸುದ್ದಿ ಮೆದುಳಿಗೆ ಹೋಗದಂತೆ ದಾರಿಯಲ್ಲೇ ತಡೆಯುವ ಈ ಉಪಾಯವನ್ನು ವೈದ್ಯರು ಬ್ಲಾಕ್ ಎನ್ನುತ್ತಾರೆ. ನಾನಿಲ್ಲಿ ಅದನ್ನು ನರತಡೆ ಎಂದು ಕರೆಯುತ್ತೇನೆ. ಇದನ್ನು ಮೊದಲು ಮಾಡಿದವರು ಯಾರೆಂದು ನಾನು ಆ ವೈದ್ಯೆಯನ್ನು ಕೇಳಿದೆ. ಅವರು ಹಾಲ್‌ಸ್ಟೆಡ್ ಎಂಬ ಹೆಸರನ್ನು ಹೇಳಿ, ಆತನದು ದುಃಖದ ಕಥೆಯೆಂದಷ್ಟೆ ಸೇರಿಸಿ, ಮುಂದಿನ ರೋಗಿಯ ಬಳಿಗೆ ಹೋದರು. ತರಗತಿಯಲ್ಲಿ ಜೀವನಚರಿತ್ರೆಯೆಂಬ ಪ್ರಕಾರವನ್ನು ಪಾಠ ಹೇಳುವ ನಾನು ಆ ಮಾತನ್ನು ಅಲ್ಲಿಗೇ ಬಿಡಲಾರದಾದೆ. ಅನಂತರದ ತಿಂಗಳುಗಳಲ್ಲಿ ಆತನ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿ ತಿಳಿದುದನ್ನು ವಾಚಕರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ವಿಲಿಯಂ ಸ್ಟೂವರ್ಟ್ ಹಾಲ್‌ಸ್ಟೆಡ್ ೧೮೫೨ನೆಯ ಸೆಪ್ಟೆಂಬರ್ ೨೩ರಂದು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದನು. ತಂದೆ ಬಟ್ಟೆಯ ಸಗಟು ವ್ಯಾಪಾರದಲ್ಲಿ ಹಣ ಗಳಿಸಿದವನು. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ಹುಡುಗನ ಹೆಸರು ಕೇಳಿಬಂದದ್ದು ಆಟದ ಬಯಲಿನಲ್ಲಿಯೇ ಹೊರತು ಪಾಠದ ಕೋಣೆಯಲ್ಲಲ್ಲ. ಆತ ಫುಟ್‌ಬಾಲ್ ತಂಡದ ನಾಯಕನಾಗಿದ್ದನು. ಅಲ್ಲಿದ್ದ ನಾಲ್ಕು ವರ್ಷಗಳಲ್ಲಿ ಗ್ರಂಥಾಲಯದಿಂದ ಒಂದು ಪುಸ್ತಕವನ್ನೂ ಎರವಲು ತಂದ ದಾಖಲೆಯಿಲ್ಲವೆಂದು ಆತನ ಚರಿತ್ರೆಯನ್ನು ಬರೆದವರು ತಮಾಷೆಯಾಗಿ ಹೇಳುತ್ತಾರೆ. ಇಂಥ ಹುಡುಗರನ್ನು ನಾವು ಅಧ್ಯಾಪಕರು ಎಷ್ಟೊಂದು ಬೇಗ ತೂಗಿ ಬದಿಗಿಟ್ಟುಬಿಡುತ್ತೇವೆ! ಕೊನೆಯ ವರ್ಷದಲ್ಲಿ ಆತ ಅಂಗರಚನಾಶಾಸ್ತ್ರದ ಪುಸ್ತಕವೊಂದನ್ನು ಕೊಂಡು ಓದತೊಡಗಿದನು. ಅಲ್ಲಿಂದ ಮುಂದೆ ಬೇರೆಯೇ ಮನುಷ್ಯನಾದನು. ೧೮೭೪ರಲ್ಲಿ ನ್ಯೂಯಾರ್ಕಿನ ವೈದ್ಯ ಕಾಲೇಜನ್ನು ಸೇರಿ, ೧೮೭೭ರಲ್ಲಿ ಪದವಿ ಪಡೆದು, ಮರುವರ್ಷ ಯುರೋಪಿಗೆ ಹೋಗಿ, ವಿಯೆನ್ನಾ ಮೊದಲಾದ ನಗರಗಳಲ್ಲಿ ಆ ಕಾಲದ ಹೆಸರಾಂತ ಶಸ್ತ್ರವೈದ್ಯರ ಕೈಕೆಲಸವನ್ನು ಎರಡು ವರ್ಷ ಕಣ್ಣಾರೆ ಕಂಡು, ೧೮೮೦ರಲ್ಲಿ ನ್ಯೂಯಾರ್ಕಿಗೆ ಮರಳಿದನು.

ಮರಳಿ ಬಂದ ಹಾಲ್‌ಸ್ಟೆಡ್ಡನ ಧೈರ್ಯಕ್ಕೆ ಎಲ್ಲೆಯಿರಲಿಲ್ಲ. ೧೮೮೧ರಲ್ಲಿ ಆತನ ಸೋದರಿಗೆ ಹೆರಿಗೆಯಾದ ಮೇಲೆ ರಕ್ತ ಹರಿದುಹೋಗಿ ಪ್ರಾಣಕ್ಕೇ ಬಂದಿತು. ಆತ ತನ್ನ ತೋಳಿನಿಂದಲೇ ರಕ್ತ ತೆಗೆದು ಅವಳಿಗೆ ಕೊಟ್ಟು, ಆ ಬಳಿಕ ಶಸ್ತ್ರಚಿಕಿತ್ಸೆ ನಡೆಸಿ ಬದುಕಿಸಿದನು. ರಕ್ತದ ಗುಂಪುಗಳು ಇವೆಯೆಂಬುದೇ ಜಗತ್ತಿಗೆ ಆಗ ತಿಳಿದಿರಲಿಲ್ಲ. ಮರುವರ್ಷ ಆಲ್ಬನಿಯಲ್ಲಿ ತಾಯಿ ಪಿತ್ತಕೋಶದ ಬೇನೆಯಿಂದ ನರಳುತ್ತಿದ್ದಾಗ ನಡುರಾತ್ರಿ ಕಳೆದ ಮೇಲೆ ಅಡಿಗೆಮನೆಯ ಮೇಜಿನ ಮೇಲೆಯೇ ಆಕೆಯನ್ನು ಮಲಗಿಸಿ, ಕೀವನ್ನೂ ಕಲ್ಲುಗಳನ್ನೂ ತೆಗೆದು ಗುಣಪಡಿಸಿದನು. ಹೆತ್ತ ತಾಯಿಯ ಮೇಲೆ ಕತ್ತಿಯಿಡಲು ಎಂಥ ಎದೆ ಬೇಕು! ಹಗಲೆಲ್ಲ ಆರೇಳು ಆಸ್ಪತ್ರೆಗಳ ಕೆಲಸ, ಸಂಜೆ ವಿದ್ಯಾರ್ಥಿಗಳಿಗೆ ಪಾಠ, ರಾತ್ರಿ ಗೆಳೆಯರ ಕೂಟ. ನ್ಯೂಯಾರ್ಕಿನಲ್ಲಿ ಆ ದಿನಗಳಲ್ಲಿ ಆತನಷ್ಟು ಚುರುಕಾದ, ಉಲ್ಲಾಸಿಯಾದ ತರುಣ ವೈದ್ಯ ಮತ್ತೊಬ್ಬನಿರಲಿಲ್ಲವೆನ್ನುತ್ತಾರೆ. ಮುಂದಿನ ಕಥೆಯನ್ನು ತಿಳಿದವರು ಈ ಚಿತ್ರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ನೋವಿನ ಮಾತು. ಶಸ್ತ್ರಚಿಕಿತ್ಸೆಯ ನೋವನ್ನು ಮರೆಸುವ ವಿದ್ಯೆ ಅದಕ್ಕೆ ಮೊದಲೇ ಬಂದಿದ್ದಿತು. ೧೮೪೬ರ ಅಕ್ಟೋಬರ್ ೧೬ರಂದು ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರ್ ಆವಿಯಿಂದ ರೋಗಿಯನ್ನು ನಿದ್ರೆಗೊಳಿಸಿ ತೋರಿಸಿದ್ದನು. ಮರುವರ್ಷ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರಮ್ಮನ್ನು ತಂದನು. ಆದರೆ ಈ ಎರಡು ವಿಧಾನಗಳಲ್ಲಿಯೂ ಒಂದು ಅತಿರೇಕವಿದ್ದಿತು. ಬೆರಳಿನ ತುದಿಯ ಹುಣ್ಣನ್ನು ಕೊಯ್ಯಲೂ ಇಡೀ ಮನುಷ್ಯನನ್ನೇ ಪ್ರಜ್ಞೆ ತಪ್ಪಿಸಬೇಕು. ಒಂದು ಕೋಣೆಯ ದೀಪವನ್ನಾರಿಸಲು ಊರಿನ ದೀಪಗಳನ್ನೆಲ್ಲ ಆರಿಸಿದಂತೆ. ಹೃದಯ ದುರ್ಬಲವಾದವರಲ್ಲಿ, ಮುದುಕರಲ್ಲಿ, ಆರಿದ ದೀಪ ಮತ್ತೆ ಹತ್ತದೆಯೇ ಹೋಗುವ ಭಯವೂ ಇದ್ದಿತು.

ಬೇರೊಂದು ದಾರಿ ತೋರಿದ್ದು ಒಂದು ಎಲೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನ, ನಮ್ಮವರು ವೀಳ್ಯದೆಲೆ ಹಾಕಿಕೊಳ್ಳುವಂತೆ, ತಲೆಮಾರುಗಳಿಂದ ಕೋಕಾ ಎಲೆಯನ್ನು ಸುಣ್ಣದೊಡನೆ ಅಗಿಯುತ್ತಿದ್ದರು. ಅದರ ಸಾರವನ್ನು ೧೮೬೦ರ ಸುಮಾರಿಗೆ ಜರ್ಮನಿಯ ನೀಮನ್ ಎಂಬ ರಸಾಯನಶಾಸ್ತ್ರಜ್ಞನು ಬೇರ್ಪಡಿಸಿ ಕೊಕೇನ್ ಎಂದು ಹೆಸರಿಟ್ಟನು. ೧೮೮೪ರಲ್ಲಿ ವಿಯೆನ್ನಾದ ತರುಣ ವೈದ್ಯ ಫ್ರಾಯ್ಡ್, ಮುಂದೆ ಮನಶ್ಶಾಸ್ತ್ರದಿಂದ ಲೋಕಪ್ರಸಿದ್ಧನಾದವನು, ಕೊಕೇನಿನ ಗುಣಗಳನ್ನು ಹೊಗಳಿ ಒಂದು ಪ್ರಬಂಧವನ್ನು ಬರೆದನು. ಅಫೀಮಿನ ಸಾರವಾದ ಮಾರ್ಫೀನಿನ ಚಟವನ್ನು ಬಿಡಿಸಲು ಇದು ಮದ್ದೆಂಬ ನಂಬಿಕೆಯೂ ಆತನಿಗಿತ್ತು. ಆತನ ಗೆಳೆಯ ಕಾರ್ಲ್ ಕೋಲರ್ ಇನ್ನೊಂದನ್ನು ಕಂಡುಕೊಂಡನು: ಈ ದ್ರವದ ಕೆಲವು ಹನಿಗಳನ್ನು ಕಣ್ಣಿಗೆ ಬಿಟ್ಟರೆ ಕಣ್ಣು ಜಡವಾಗುತ್ತದೆ, ಶಸ್ತ್ರ ತಾಕಿದರೂ ನೋಯುವುದಿಲ್ಲ. ೧೮೮೪ರ ಸೆಪ್ಟೆಂಬರ್ ೧೫ರಂದು ಹೈಡೆಲ್‌ಬರ್ಗಿನಲ್ಲಿ ನಡೆದ ನೇತ್ರವೈದ್ಯರ ಸಭೆಯಲ್ಲಿ ಇದು ಪ್ರಕಟವಾಯಿತು. ಅಲ್ಲಿಗೆ ಹೋಗಲು ಕೋಲರನ ಬಳಿ ಹಣವಿಲ್ಲದೆ, ಆತನ ಪ್ರಬಂಧವನ್ನು ಬೇರೊಬ್ಬರು ಓದಬೇಕಾಯಿತು. ಸುದ್ದಿ ಒಂದು ತಿಂಗಳೊಳಗೆ ಕಡಲು ದಾಟಿ ನ್ಯೂಯಾರ್ಕಿನ ವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿದವರಲ್ಲಿ ಮೂವತ್ತೆರಡು ವರ್ಷದ ಹಾಲ್‌ಸ್ಟೆಡ್ ಒಬ್ಬನು.

ಕೋಲರ್ ಕಂಡದ್ದು ಮೇಲ್ಮೈಯನ್ನು ಜಡಗೊಳಿಸುವ ಗುಣ. ಹಾಲ್‌ಸ್ಟೆಡ್ಡನ ಬುದ್ಧಿ ಮೇಲ್ಮೈಯಲ್ಲಿ ನಿಲ್ಲದೆ ಬೇರಿಗೆ ಇಳಿಯಿತು. ನೋವು ಹುಟ್ಟುವ ಜಾಗ ಒಂದು; ಅದನ್ನು ಮೆದುಳಿಗೆ ಒಯ್ಯುವ ನರ ಇನ್ನೊಂದು. ಆ ನರವನ್ನೇ ಹುಡುಕಿ ಅದರ ಬಳಿ ಮದ್ದನ್ನಿಟ್ಟರೆ ಏನಾದೀತು? ನಮ್ಮ ಕಡೆಯ ರೈತರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಗದ್ದೆಗದ್ದೆಯ ಬದುವಿನಲ್ಲಿ ನಿಂತು ನೀರನ್ನು ಕಟ್ಟುವವನು ದಣಿಯುತ್ತಾನೆ. ಮೇಲಿನ ತೂಬನ್ನು ಮುಚ್ಚಿದವನು ಕೆಳಗಿನ ಬಯಲನ್ನೆಲ್ಲ ಒಂದೇ ಕೈಯಿಂದ ಒಣಗಿಸಬಲ್ಲನು. ನರವೊಂದರ ತೂಬನ್ನು ಮುಚ್ಚಬಹುದೆಂಬ ಈ ಒಂದು ಆಲೋಚನೆಯೇ ನರತಡೆ.

ಆತನೂ, ಆತನ ಸಹೋದ್ಯೋಗಿ ರಿಚರ್ಡ್ ಹಾಲ್ ಎಂಬುವನೂ, ಇನ್ನು ಕೆಲವು ವೈದ್ಯರೂ ವಿದ್ಯಾರ್ಥಿಗಳೂ ಸೇರಿ ಒಡನೆಯೇ ಪ್ರಯೋಗಕ್ಕೆ ತೊಡಗಿದರು. ಪ್ರಯೋಗ ಯಾರ ಮೇಲೆ? ತಮ್ಮ ತಮ್ಮ ಮೈಮೇಲೆ. ತೋಳಿನ ನರದ ಬಳಿ ಚುಚ್ಚಿಕೊಂಡು ಮುಂಗೈ ಜಡವಾದುದನ್ನು ಗುರುತು ಹಾಕಿದರು. ಕೆಳದವಡೆಯ ಮೂಳೆಯನ್ನು ಹೊಗುವ ನರವನ್ನು ತಡೆದು ಆ ಬದಿಯ ಹಲ್ಲುಗಳೆಲ್ಲ ಮರಗಟ್ಟಿದ್ದನ್ನು ಕಂಡರು. ಇಂದು ಹಲ್ಲು ಕೀಳಿಸಿಕೊಳ್ಳುವ ಮುನ್ನ ದವಡೆಗೆ ಬೀಳುವ ಚುಚ್ಚುಮದ್ದಿನ ಮೂಲ ಇದೇ. ಆ ವರ್ಷದ ಡಿಸೆಂಬರ್ ತಿಂಗಳಲ್ಲಿಯೇ ಹಾಲ್ ಈ ಪ್ರಯೋಗಗಳ ವರದಿಯನ್ನು ಪ್ರಕಟಿಸಿದನು. ಕತ್ತಿನ ಬಳಿ ತೋಳಿನ ನರಗಳು ಹೊರಡುವ ಬೇರುಗಳಿಗೇ ಮದ್ದನ್ನಿಟ್ಟು ಹಾಲ್‌ಸ್ಟೆಡ್ ಆ ನರಗಳ ಮೇಲೆಯೇ ಶಸ್ತ್ರಚಿಕಿತ್ಸೆಯನ್ನೂ ನಡೆಸಿದನು. ಸುಮಾರು ಒಂದು ವರ್ಷದೊಳಗೆ ಸಾವಿರಕ್ಕೂ ಮಿಕ್ಕ ಸಣ್ಣಪುಟ್ಟ ಚಿಕಿತ್ಸೆಗಳಲ್ಲಿ ಕೊಕೇನನ್ನು ಬಳಸಿದುದಾಗಿ ಆತ ಲೆಕ್ಕ ಕೊಟ್ಟಿದ್ದಾನೆ.

ಆದರೆ ಬೆಂಕಿಯ ಸ್ವಭಾವವನ್ನು ಅರಿಯದೆ ಅದರೊಡನೆ ಆಡಿದವರ ಗತಿ ಇವರಿಗೂ ಒದಗಿತು. ಕೊಕೇನ್ ಮನುಷ್ಯನನ್ನು ಹಿಡಿದು ಬಿಡದ ವಸ್ತುವೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಔಷಧದ ಅಂಗಡಿಗಳಲ್ಲಿ ಅದು ಯಾವ ಅಡ್ಡಿಯೂ ಇಲ್ಲದೆ ಸಿಕ್ಕುತ್ತಿದ್ದಿತು. ವೈದ್ಯರು ಅದನ್ನು ಬಲವರ್ಧಕವೆಂದು ಬರೆದುಕೊಡುತ್ತಿದ್ದರು. ನರವನ್ನು ಜಡಗೊಳಿಸಿದ ಅದೇ ದ್ರವ ರಕ್ತದಲ್ಲಿ ಬೆರೆತು ಮೆದುಳಿಗೆ ಏರಿದಾಗ ಉಲ್ಲಾಸವನ್ನು ಕೊಡುತ್ತಿದ್ದಿತು, ಆಯಾಸವನ್ನು ಮರೆಸುತ್ತಿದ್ದಿತು. ಪ್ರಯೋಗಕ್ಕೆಂದು ತೆಗೆದುಕೊಂಡುದು ಅಭ್ಯಾಸವಾಯಿತು, ಅಭ್ಯಾಸ ಅಗತ್ಯವಾಯಿತು. ಗುಂಪಿನಲ್ಲಿ ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಕೆಲವರು ಅದರಿಂದಲೇ ಹಾಳಾಗಿ ಅಕಾಲದಲ್ಲಿ ಸತ್ತರು. ಹಾಲ್ ನ್ಯೂಯಾರ್ಕನ್ನೇ ತೊರೆದು ದೂರದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿ, ೧೮೯೭ರಲ್ಲಿ ತೀರಿಕೊಂಡನು. ಹಾಲ್‌ಸ್ಟೆಡ್ ಕೆಲಸಕ್ಕೆ ಬರುವುದು ತಪ್ಪಿತು, ಸಭೆಗಳಲ್ಲಿ ಕಾಣದಾದನು, ಗೆಳೆಯರ ಕೂಟ ಬರಿದಾಯಿತು.

೧೮೮೫ರ ಸೆಪ್ಟೆಂಬರಿನಲ್ಲಿ ಆತ ಕೊಕೇನಿನ ಬಳಕೆ ಹಾಗೂ ದುರ್ಬಳಕೆಯನ್ನು ಕುರಿತು ನ್ಯೂಯಾರ್ಕಿನ ವೈದ್ಯ ಪತ್ರಿಕೆಯೊಂದರಲ್ಲಿ ಒಂದು ಲೇಖನವನ್ನು ಬರೆದನು. ವೈದ್ಯವಿಷಯದಲ್ಲಿ ಮಾತನಾಡಲು ನನಗೆ ಅಧಿಕಾರವಿಲ್ಲ. ಆದರೆ ವಾಕ್ಯದ ವಿಷಯದಲ್ಲಿ ಇದೆಯೆಂದುಕೊಂಡಿದ್ದೇನೆ. ಇಪ್ಪತ್ತು ವರ್ಷಗಳಿಂದ ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುತ್ತ ಬಂದವನು ನಾನು. ಆ ಲೇಖನದ ಮೊದಲ ವಾಕ್ಯವನ್ನು ಓದಿದಾಗ ನನ್ನ ಕೈ ಅಭ್ಯಾಸಬಲದಿಂದ ಕೆಂಪು ಲೇಖನಿಯನ್ನು ಹುಡುಕಿತು. ಉಪವಾಕ್ಯದ ಮೇಲೆ ಉಪವಾಕ್ಯ, ನಿಷೇಧದ ಮೇಲೆ ನಿಷೇಧ. ಹೊರಟ ಮಾತು ಎಲ್ಲಿಗೆ ಹೋಗಬೇಕೆಂಬುದನ್ನು ಮರೆತು, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನಂತೆ ಅಲೆಯುತ್ತದೆ. ಎರಡನೆಯ ಸಲ ಓದಿದಾಗ ಲೇಖನಿಯನ್ನು ಕೆಳಗಿಟ್ಟೆ. ಅಲ್ಲಿದ್ದುದು ವ್ಯಾಕರಣದ ತಪ್ಪಲ್ಲ. ಮುಳುಗುತ್ತಿರುವ ಮನುಷ್ಯನೊಬ್ಬನ ಕೈ ನೀರಿನ ಮೇಲೆ ಕಾಣಿಸಿದ್ದು ಅದು. ಆ ಕೈಯನ್ನು ಆತನ ಗೆಳೆಯರು ಕಂಡರು.

ವಿಲಿಯಂ ವೆಲ್ಚ್ ಎಂಬ ಗೆಳೆಯನೊಬ್ಬನಿದ್ದನು. ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ಹೆಸರಿನ ಹೊಸ ಆಸ್ಪತ್ರೆಯನ್ನೂ ವೈದ್ಯಶಾಲೆಯನ್ನೂ ಕಟ್ಟುವ ಹೊಣೆ ಹೊತ್ತವರಲ್ಲಿ ಆತನೊಬ್ಬನು. ೧೮೮೬ರ ಮೊದಲ ತಿಂಗಳುಗಳಲ್ಲಿ ಹಾಲ್‌ಸ್ಟೆಡ್ಡನನ್ನು ಹಾಯಿಹಡಗಿನಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳ ಕಡೆಗೆ ಕಳುಹಿಸಲಾಯಿತು. ಕಡಲಿನ ಮೇಲೆ ಮದ್ದು ಸಿಕ್ಕದೆ ಚಟ ಬಿಟ್ಟುಹೋದೀತೆಂಬ ಆಸೆ. ತಂದಿದ್ದುದು ಮುಗಿದಾಗ ಆತ ಹಡಗಿನ ಔಷಧದ ಪೆಟ್ಟಿಗೆಯನ್ನೇ ಮುರಿದನೆಂದು ಹೇಳುತ್ತಾರೆ. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಾವಿಡೆನ್ಸ್ ನಗರದ ಬಟ್ಲರ್ ಆಸ್ಪತ್ರೆ ಎಂಬ ಮನೋರೋಗಿಗಳ ಆಲಯವನ್ನು ಸೇರಿದನು. ಅಲ್ಲಿನ ದಾಖಲೆಗೆ ತನ್ನ ಮನೆತನದ ಹೆಸರನ್ನು ಕೊಡದೆ ವಿಲಿಯಂ ಸ್ಟೂವರ್ಟ್ ಎಂದಷ್ಟೆ ಬರೆಯಿಸಿದನು. ಏಳು ತಿಂಗಳು ಕಳೆದು ಹೊರಬಂದು ಬಾಲ್ಟಿಮೋರಿಗೆ ಹೋದಾಗ ವೆಲ್ಚ್ ತನ್ನ ಪ್ರಯೋಗಶಾಲೆಯಲ್ಲಿ ಆತನಿಗೆ ಎಡೆ ಕೊಟ್ಟನು. ಮರುವರ್ಷ ಮತ್ತೆ ಬಿದ್ದು, ಮತ್ತೆ ಬಟ್ಲರ್ ಆಸ್ಪತ್ರೆಗೆ ಹೋಗಿ, ಮತ್ತೆ ಹಲವು ತಿಂಗಳುಗಳನ್ನು ಅಲ್ಲಿ ಕಳೆದನು. ಕೊಕೇನನ್ನು ಬಿಡಿಸಲು ಅಲ್ಲಿ ಕೊಟ್ಟುದು ಮಾರ್ಫೀನನ್ನೆಂದು ಆತನ ಚರಿತ್ರಕಾರರು ಬರೆಯುತ್ತಾರೆ. ವಿಯೆನ್ನಾದಲ್ಲಿ ಫ್ರಾಯ್ಡ್ ಮಾರ್ಫೀನಿಗೆ ಕೊಕೇನ್ ಮದ್ದೆಂದನು. ಪ್ರಾವಿಡೆನ್ಸಿನಲ್ಲಿ ಕೊಕೇನಿಗೆ ಮಾರ್ಫೀನ್ ಮದ್ದಾಯಿತು. ಒಂದು ಹಗ್ಗವನ್ನು ಬಿಚ್ಚಲು ಇನ್ನೊಂದರಿಂದ ಕಟ್ಟಿದರು.

ಬಾಲ್ಟಿಮೋರಿನಲ್ಲಿ ನೆಲೆನಿಂತ ಹಾಲ್‌ಸ್ಟೆಡ್ ಹಳೆಯ ಹಾಲ್‌ಸ್ಟೆಡ್ಡನಲ್ಲ. ಮಾತು ಕಡಮೆ, ನಡೆ ನಿಧಾನ, ಸಂಕೋಚದ ಸ್ವಭಾವ. ಮೊದಲು ಮಿಂಚಿನಂತೆ ಓಡುತ್ತಿದ್ದ ಕೈ ಈಗ ತಾಳ್ಮೆಯನ್ನು ಕಲಿತಿತ್ತು. ವಿಚಿತ್ರವೆಂದರೆ ಶಸ್ತ್ರವೈದ್ಯಕ್ಕೆ ಆತನಿಂದ ಬಂದ ದೊಡ್ಡ ಕಾಣಿಕೆ ಈ ನಿಧಾನವೇ. ದೇಹದ ಅಂಗಾಂಶಗಳನ್ನು ಮೃದುವಾಗಿ ಮುಟ್ಟಬೇಕು. ಒಂದು ಹನಿ ರಕ್ತವೂ ವೃಥಾ ಹೋಗಬಾರದು. ನವುರಾದ ರೇಷ್ಮೆಯ ಎಳೆಯಿಂದ ಪದರಪದರವಾಗಿ ಹೊಲಿಯಬೇಕು. ಇದು ಆತನ ಪಂಥ. ಹಾಪ್ಕಿನ್ಸ್ ಆಸ್ಪತ್ರೆ ೧೮೮೯ರಲ್ಲಿ ತೆರೆಯಿತು. ಮರುವರ್ಷ ಆತ ಅಲ್ಲಿನ ಮುಖ್ಯ ಶಸ್ತ್ರವೈದ್ಯನೂ, ೧೮೯೨ರಲ್ಲಿ ಪ್ರಾಧ್ಯಾಪಕನೂ ಆದನು. ಅಂಡವಾಯುವಿಗೆ, ಥೈರಾಯ್ಡ್ ಗ್ರಂಥಿಗೆ ಆತ ರೂಪಿಸಿದ ಚಿಕಿತ್ಸೆಗಳು ಹೆಸರಾದವು. ಸ್ತನದ ಕ್ಯಾನ್ಸರಿಗೆ ಆತ ಆರಂಭಿಸಿದ ವಿಸ್ತಾರವಾದ ಶಸ್ತ್ರಚಿಕಿತ್ಸೆ ಹಲವು ದಶಕಗಳ ಕಾಲ ಎಲ್ಲೆಡೆ ನಡೆದು, ಅಷ್ಟೊಂದು ಕೊಯ್ಯುವುದು ಬೇಕಿಲ್ಲವೆಂದು ತಿಳಿದ ಮೇಲೆ ಹಿಂದೆ ಸರಿಯಿತು. ಪದವಿ ಪಡೆದ ತರುಣ ವೈದ್ಯರು ಆಸ್ಪತ್ರೆಯಲ್ಲಿಯೇ ವರ್ಷಗಟ್ಟಲೆ ಇದ್ದು, ಹಂತಹಂತವಾಗಿ ಹೊಣೆ ಹೊರುತ್ತ ಕಲಿಯುವ ಪದ್ಧತಿಯನ್ನು ಅಮೆರಿಕದ ಶಸ್ತ್ರವೈದ್ಯದಲ್ಲಿ ನೆಲೆಗೊಳಿಸಿದವನೂ ಆತನೇ.

ಕೈಗವುಸಿನ ಕಥೆಯೂ ಈ ಕಾಲದ್ದು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಸಹಾಯಕಳಾಗಿದ್ದ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿಯ ಕೈಗಳು ಪಾದರಸದ ದ್ರಾವಣದಲ್ಲಿ ಅದ್ದಿ ಅದ್ದಿ ಬಿರಿದುಹೋಗುತ್ತಿದ್ದವು. ಅದನ್ನು ಕಂಡು ಆತ ಗುಡ್‌ಇಯರ್ ರಬ್ಬರ್ ಸಂಸ್ಥೆಯಿಂದ ಅವಳಿಗಾಗಿ ತೆಳುವಾದ ಕೈಗವುಸುಗಳನ್ನು ಮಾಡಿಸಿಕೊಟ್ಟನು. ರೋಗಿಯನ್ನು ಕಾಯಲೆಂದಲ್ಲ, ಒಬ್ಬಳ ಕೈಯನ್ನು ಕಾಯಲೆಂದು ಹುಟ್ಟಿದ ಆ ಕೈಗವುಸು ಕ್ರಮೇಣ ಶಸ್ತ್ರಚಿಕಿತ್ಸೆಯ ನಿಯಮವೇ ಆಯಿತು. ೧೮೯೦ರ ಜೂನ್ ತಿಂಗಳಲ್ಲಿ ಅವರಿಬ್ಬರ ವಿವಾಹವಾಯಿತು. ಮಕ್ಕಳಾಗಲಿಲ್ಲ. ದೊಡ್ಡ ಮನೆಯ ಬೇರೆ ಬೇರೆ ಅಂತಸ್ತುಗಳಲ್ಲಿ ಇಬ್ಬರೂ ತಮ್ಮ ತಮ್ಮ ಏಕಾಂತದಲ್ಲಿ ಬಾಳಿದರು. ಬೇಸಿಗೆಯಲ್ಲಿ ಉತ್ತರ ಕೆರೊಲಿನಾದ ಬೆಟ್ಟದ ಮನೆಗೆ ಹೋಗಿ ಆತ ಡೇಲಿಯಾ ಹೂಗಳನ್ನು ಬೆಳೆಯುತ್ತಿದ್ದನು.

ಹೊರಗಿನವರ ಕಣ್ಣಿಗೆ ಇದು ಗೆದ್ದ ಬಾಳು. ಒಳಗಿನ ಸತ್ಯವನ್ನು ಬಲ್ಲವರು ಎರಡು ಮೂರು ಮಂದಿ. ಅವರಲ್ಲೊಬ್ಬನಾದ ವಿಲಿಯಂ ಆಸ್ಲರ್, ಹಾಪ್ಕಿನ್ಸಿನ ಮುಖ್ಯ ವೈದ್ಯನಾಗಿದ್ದವನು, ಆ ಆಸ್ಪತ್ರೆಯ ಅಂತರಂಗದ ಇತಿಹಾಸವನ್ನು ಗುಟ್ಟಾಗಿ ಬರೆದು ಮುದ್ರೆ ಹಾಕಿಸಿ ಇಟ್ಟಿದ್ದನು. ಅದು ಬೆಳಕಿಗೆ ಬಂದದ್ದು ೧೯೬೯ರಲ್ಲಿ. ಹಾಲ್‌ಸ್ಟೆಡ್ ಒಮ್ಮೆ ಚಳಿ ಹಿಡಿದವನಂತೆ ನಡುಗುತ್ತಿದ್ದುದನ್ನು ಕಂಡು ತನಗೆ ವಿಷಯ ತಿಳಿಯಿತೆಂದೂ, ಆತ ದಿನವೂ ಮಾರ್ಫೀನನ್ನು ತೆಗೆದುಕೊಳ್ಳುತ್ತಿದ್ದನೆಂದೂ, ಬಹುಕಾಲ ಮೂರು ಗ್ರೇನಿಗಿಂತ ಕೆಳಗೆ ಇಳಿಸಲಾಗಲಿಲ್ಲವೆಂದೂ ಆಸ್ಲರ್ ಅಲ್ಲಿ ಬರೆದಿದ್ದಾನೆ. ಕ್ರಮೇಣ ಆತ ಅದನ್ನು ಅರ್ಧಕ್ಕೆ ಇಳಿಸಿದನು. ೧೯೧೨ರ ಹೊತ್ತಿಗೆ ಬಿಟ್ಟಿರಲೂಬಹುದೆಂಬುದು ಆಸ್ಲರನ ಊಹೆ. ಜಗತ್ತಿನ ಶಸ್ತ್ರವೈದ್ಯರಿಗೆ ಗುರುವಾದವನು ಪ್ರತಿದಿನ ಬಾಗಿಲು ಮುಚ್ಚಿಕೊಂಡು ಗ್ರೇನುಗಳನ್ನು ಎಣಿಸುತ್ತಿದ್ದನು.

ನಮ್ಮ ಭಾಷೆಯಲ್ಲಿ ವ್ಯಸನ ಎಂಬ ಮಾತಿಗೆ ಚಟ ಎಂದೂ ಅರ್ಥವಿದೆ, ದುಃಖ ಎಂದೂ ಅರ್ಥವಿದೆ. ಸಪ್ತವ್ಯಸನ ಎನ್ನುವಾಗ ಒಂದು, ವ್ಯಸನಪಡಬೇಡ ಎನ್ನುವಾಗ ಇನ್ನೊಂದು. ಇವೆರಡೂ ಒಂದೇ ಮಾತಿನಲ್ಲಿ ಹೇಗೆ ಕೂಡಿದವೆಂದು ವಿದ್ಯಾರ್ಥಿಗಳು ಕೇಳಿದಾಗ ನಾನು ನಿಘಂಟಿನ ಉತ್ತರವನ್ನು ಕೊಡುತ್ತಿದ್ದೆ. ಈಗ ಹಾಲ್‌ಸ್ಟೆಡ್ಡನ ಬಾಳನ್ನು ಹೇಳಿದರೆ ಸಾಕೆಂದು ತೋರುತ್ತದೆ.

ಈ ವ್ಯಸನದ ಅತ್ಯಂತ ಕ್ರೂರವಾದ ಫಲವೆಂದರೆ ಆತನ ಮೌನ. ನರತಡೆಯನ್ನು ಕಂಡುಹಿಡಿದುದರ ಮಾತೆತ್ತಿದರೆ ಕೊಕೇನಿನ ಮಾತು ಬರುತ್ತಿದ್ದಿತು. ಕೊಕೇನಿನ ಮಾತು ಬಂದರೆ ಬಟ್ಲರ್ ಆಸ್ಪತ್ರೆಯ ದಿನಗಳು ಏಳುತ್ತಿದ್ದವು. ಆದುದರಿಂದ ಆತ ಆ ವಿಷಯವನ್ನು ಬಾಯಿಬಿಡಲಿಲ್ಲ. ಆತನ ಶಿಷ್ಯ ಹಾರ್ವೆ ಕುಷಿಂಗ್, ಮುಂದೆ ಮೆದುಳಿನ ಶಸ್ತ್ರವೈದ್ಯದ ಆದ್ಯರಲ್ಲೊಬ್ಬನಾದವನು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಂಡವಾಯುವಿನ ರೋಗಿಗಳಿಗೆ ನರತಡೆಯನ್ನು ತಾನೇ ಹೊಸದಾಗಿ ಕಂಡುಕೊಂಡಂತೆ ಬಳಸತೊಡಗಿದನು. ದೇಹದ ಒಂದು ಪ್ರದೇಶಕ್ಕಷ್ಟೆ ಕೊಡುವ ಅರಿವಳಿಕೆ ಎಂಬರ್ಥದ ಇಂದಿನ ಇಂಗ್ಲಿಷ್ ಹೆಸರು ೧೯೦೨ರಲ್ಲಿ ಆತನ ಬರಹದಿಂದ ಬಳಕೆಗೆ ಬಂದಿತು. ಹದಿನೈದು ವರ್ಷಗಳ ಹಿಂದೆಯೇ ತನ್ನ ಗುರು ಇದನ್ನು ಮಾಡಿ ಮುಗಿಸಿದ್ದನೆಂಬುದು ಅದೇ ಕಟ್ಟಡದಲ್ಲಿದ್ದ ಆ ಶಿಷ್ಯನಿಗೆ ತಿಳಿದಿರಲಿಲ್ಲ. ಗುರುವೂ ಹೇಳಲಿಲ್ಲ. ತಾನು ನೆಟ್ಟ ಮರದ ಹಣ್ಣನ್ನು ಬೇರೊಬ್ಬನು ಬುಟ್ಟಿಯಲ್ಲಿ ತುಂಬಿಕೊಂಡು ಬಂದಾಗ ಅದು ನನ್ನದೆನ್ನಲಾರದೆ ನಿಂತ ಆ ಗುರುವನ್ನು ನೆನೆದರೆ ನನಗೆ ಬಟ್ಲರ್ ಆಸ್ಪತ್ರೆಯ ಕಥೆಗಿಂತಲೂ ಹೆಚ್ಚಿನ ಸಂಕಟವಾಗುತ್ತದೆ.

ಕಡೆಗೆ ಮನ್ನಣೆಯನ್ನು ಕೊಟ್ಟವರು ದಂತವೈದ್ಯರು. ೧೯೨೨ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ದಂತವೈದ್ಯರ ರಾಷ್ಟ್ರೀಯ ಸಂಘವು ನರತಡೆಯನ್ನು ಮೊದಲು ಮಾಡಿದವನು ಹಾಲ್‌ಸ್ಟೆಡ್ಡನೇ ಎಂದು ಒಪ್ಪಿ ಬಂಗಾರದ ಪದಕವನ್ನು ನೀಡಿತು. ಮೂವತ್ತೇಳು ವರ್ಷಗಳ ತರುವಾಯ ಆ ಕೆಲಸಕ್ಕೆ ಆತನ ಹೆಸರು ಬಹಿರಂಗವಾಗಿ ಸೇರಿತು. ಐದು ತಿಂಗಳು ಕಳೆಯಿತು. ತಾಯಿಯನ್ನು ಕಾಡಿದ್ದ ಅದೇ ಪಿತ್ತದ ಕಲ್ಲಿನ ಬೇನೆ ಮಗನನ್ನೂ ಹಿಡಿದಿದ್ದಿತು. ತಾನೇ ತಯಾರು ಮಾಡಿದ ಶಿಷ್ಯರ ಕೈಯಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಚೇತರಿಸಿಕೊಳ್ಳಲಾರದೆ, ೧೯೨೨ರ ಸೆಪ್ಟೆಂಬರ್ ೭ರಂದು ಹಾಲ್‌ಸ್ಟೆಡ್ ಕಣ್ಣು ಮುಚ್ಚಿದನು. ಕ್ಯಾರೊಲಿನ್ ಅದೇ ವರ್ಷದ ನವೆಂಬರಿನಲ್ಲಿ ಆತನನ್ನು ಹಿಂಬಾಲಿಸಿದಳು.

ಆತನ ಆಲೋಚನೆ ಮಾತ್ರ ಬೆಳೆಯುತ್ತ ಹೋಯಿತು. ೧೮೯೮ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಬೆನ್ನುಹುರಿಯ ದ್ರವದಲ್ಲಿ ಕೊಕೇನನ್ನಿಟ್ಟು ಸೊಂಟದ ಕೆಳಗಿನ ಭಾಗವನ್ನೆಲ್ಲ ಜಡಗೊಳಿಸಿದನು. ನಮ್ಮ ತಾಯಿಯ ಬೆನ್ನಿಗೆ ಕೊಟ್ಟುದು ಅದರ ಇಂದಿನ ರೂಪ. ಕೊಕೇನಿನ ವಿಷದ ಹಲ್ಲನ್ನು ಕಿತ್ತುಹಾಕಿ ಗುಣವನ್ನಷ್ಟೆ ಉಳಿಸಿಕೊಳ್ಳುವ ಹುಡುಕಾಟದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಐನ್‌ಹಾರ್ನ್ ಪ್ರೊಕೇನನ್ನು ತಯಾರಿಸಿದನು. ೧೯೪೩ರಲ್ಲಿ ಸ್ವೀಡನ್ನಿನ ಲಾಫ್‌ಗ್ರೆನ್ ಲಿಡೊಕೇನನ್ನು ತಂದನು. ೧೯೫೭ರಲ್ಲಿ ಅದೇ ದೇಶದಲ್ಲಿ, ಬಹಳ ಗಂಟೆಗಳ ಕಾಲ ನಿಲ್ಲುವ ಬ್ಯುಪಿವಕೇನ್ ಹುಟ್ಟಿತು. ಇವು ಯಾವುವೂ ಕೊಕೇನಿನಂತೆ ಮನಸ್ಸನ್ನು ಹಿಡಿಯುವುದಿಲ್ಲ. ನರದ ಎಳೆಯಲ್ಲಿ ಸೋಡಿಯಂ ಕಣಗಳು ಒಳಹೊಗುವ ಸಣ್ಣ ಬಾಗಿಲುಗಳನ್ನು ಕೆಲಹೊತ್ತು ಮುಚ್ಚಿ, ಸುದ್ದಿಯ ಓಟವನ್ನು ನಿಲ್ಲಿಸಿ, ತಮ್ಮ ಹೊತ್ತು ಮುಗಿದೊಡನೆ ಹೊರಟುಹೋಗುತ್ತವೆ.

ಸೊಂಟದ ಕೀಲಿಗೆ ಒಂದೇ ನರವಲ್ಲ, ಹಲವು ನರಗಳ ಕವಲುಗಳು ಬರುತ್ತವೆ. ಆದುದರಿಂದ ತೊಡೆಸಂದಿಯ ಒಂದು ಸೂಜಿ ನೋವನ್ನೆಲ್ಲ ಅಳಿಸಿಹಾಕುವುದಿಲ್ಲ, ಬಹುಪಾಲನ್ನು ಇಳಿಸುತ್ತದೆ. ಕಾಲು ಕೆಲವು ಗಂಟೆ ಬಲಹೀನವಾಗಿರುವುದರಿಂದ ರೋಗಿ ಯಾರ ಆಸರೆಯೂ ಇಲ್ಲದೆ ಏಳಬಾರದು. ಹಾಗಿದ್ದರೂ ವಯಸ್ಸಾದವರಿಗೆ ವೈದ್ಯರು ಇದನ್ನು ಆರಿಸಿಕೊಳ್ಳುವುದಕ್ಕೆ ಒಂದು ಕಾರಣವಿದೆ. ಇದಿಲ್ಲದಿದ್ದರೆ ಆ ನೋವಿಗೆ ಮಾರ್ಫೀನನ್ನೋ ಅದರ ವಂಶದ ಇನ್ನಾವುದನ್ನೋ ಹೆಚ್ಚಾಗಿ ಕೊಡಬೇಕು. ಅವು ಮುದಿ ದೇಹಗಳಲ್ಲಿ ಉಸಿರನ್ನು ಕುಗ್ಗಿಸಬಹುದು, ಮಲಬದ್ಧತೆಯನ್ನು ತರಬಹುದು, ಬುದ್ಧಿಗೆ ಮಬ್ಬು ಕವಿಸಿ ಮಕ್ಕಳ ಗುರುತೂ ಸಿಕ್ಕದಂತೆ ಮಾಡಬಹುದು. ನರತಡೆಯಿದ್ದರೆ ಅವುಗಳ ಪ್ರಮಾಣ ಕಡಮೆ ಸಾಕು.

ಇದನ್ನು ತಿಳಿದ ದಿನ ನಾನು ಬಹಳ ಹೊತ್ತು ಪುಸ್ತಕವನ್ನು ಮುಚ್ಚಿಕೊಂಡು ಕುಳಿತಿದ್ದೆ. ಯಾವ ವಸ್ತುವಿನ ಹಿಡಿತದಿಂದ ಹಾಲ್‌ಸ್ಟೆಡ್ ತನ್ನನ್ನು ಬಿಡಿಸಿಕೊಳ್ಳಲು ಅಷ್ಟು ವರ್ಷ ಹೆಣಗಿದನೋ, ಆ ವಸ್ತುವನ್ನು ಹೆಚ್ಚಾಗಿ ಕೊಡಬೇಕಾಗದಂತೆ ನಮ್ಮ ತಾಯಿಯನ್ನು ಕಾದದ್ದು ಆತನದೇ ಉಪಾಯ. ತಾನು ದಾಟಲಾರದ ಹೊಳೆಗೆ ಆತ ಸೇತುವೆಯನ್ನು ಕಟ್ಟಿದ್ದನು.

ನಮ್ಮಲ್ಲಿ ಹಿರಿಯರ ಚರಿತ್ರೆಯನ್ನು ಬರೆಯುವವರು ಕಲೆಗಳನ್ನು ಒರಸಿ ವಿಗ್ರಹವನ್ನು ನಿಲ್ಲಿಸುವುದೇ ವಾಡಿಕೆ. ಸತ್ತವರ ಮಾನವನ್ನು ಕಾಯುವುದು ಧರ್ಮವೆಂಬ ನಂಬಿಕೆ ಅದರ ಹಿಂದೆ ಇದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಾಲ್‌ಸ್ಟೆಡ್ಡನ ಗೆಳೆಯರು ಆತನು ಬದುಕಿರುವಷ್ಟು ಕಾಲ ಗುಟ್ಟನ್ನು ಕಾದದ್ದು ಒಳ್ಳೆಯದೇ ಆಯಿತು. ಇಲ್ಲವಾಗಿದ್ದರೆ ಆತನಿಗೆ ಎರಡನೆಯ ಬಾಳು ದೊರೆಯುತ್ತಿರಲಿಲ್ಲ. ಆದರೆ ಸತ್ತು ನೂರು ವರ್ಷ ಕಳೆದ ಮೇಲೂ ನಾವು ಅದನ್ನು ಮುಚ್ಚಿಟ್ಟರೆ ಆತನ ಬಾಳಿನ ಬಹುಪಾಲು ಶ್ರಮವನ್ನೇ ಮುಚ್ಚಿಟ್ಟಂತಾಗುತ್ತದೆ. ಮೂವತ್ತೈದಕ್ಕೂ ಮಿಕ್ಕ ವರ್ಷ ಆತ ಪ್ರತಿದಿನ ಬೆಳಗ್ಗೆ ಎದ್ದು ತನ್ನ ದೌರ್ಬಲ್ಯವನ್ನು ಎದುರಿಸಿ, ಆಮೇಲೆ ಮಂದಿಯ ನೋವನ್ನು ಎದುರಿಸಲು ಹೋಗುತ್ತಿದ್ದನು. ನನ್ನ ವಿದ್ಯಾರ್ಥಿಗಳಲ್ಲಿ ಯಾವನಾದರೂ ಒಬ್ಬನು ಇಂಥ ಹಿಡಿತಕ್ಕೆ ಸಿಕ್ಕಿದ್ದರೆ, ಬಿದ್ದವನಿಗೆ ಮತ್ತೆ ಕೆಲಸವಿದೆಯೆಂಬುದನ್ನೂ, ಎತ್ತಲು ಒಬ್ಬ ವೆಲ್ಚ್ ಬೇಕಾಗುತ್ತಾನೆಂಬುದನ್ನೂ ವಿಗ್ರಹದಿಂದ ಅವನು ಕಲಿಯಲಾರ.

ತಾಯಿಯವರು ಈಗ ಊರುಗೋಲು ಹಿಡಿದು ಅಂಗಳದಲ್ಲಿ ಓಡಾಡುತ್ತಾರೆ. ಈ ಲೇಖನದ ಕರಡನ್ನು ಒಂದು ಸಂಜೆ ಅವರಿಗೆ ಓದಿ ಹೇಳಿದೆ. ಆಸ್ಪತ್ರೆ, ಪದಕ, ಹೊಸ ಔಷಧಗಳ ಹೆಸರುಗಳು ಅವರಿಗೆ ಹಿಡಿಸಲಿಲ್ಲ. ಎಲ್ಲವನ್ನೂ ಕೇಳಿದ ಮೇಲೆ, ಆ ಮಹಾರಾಯನ ಪಕ್ಕದಲ್ಲಿ ರಾತ್ರಿಯ ಹೊತ್ತು ಯಾರಿರುತ್ತಿದ್ದರೆಂದು ಒಂದೇ ಒಂದು ಪ್ರಶ್ನೆಯನ್ನು ಕೇಳಿದರು. ಹೆಂಡತಿ ಬೇರೆ ಅಂತಸ್ತಿನಲ್ಲಿರುತ್ತಿದ್ದಳೆಂದು ಹೇಳಿದೆ. ಅವರು ಏನನ್ನೂ ಹೇಳಲಿಲ್ಲ. ಊರುಗೋಲನ್ನು ಹತ್ತಿರಕ್ಕೆಳೆದುಕೊಂಡು, ಮೆಲ್ಲನೆ ಎದ್ದು, ತುಳಸಿಯ ಮುಂದೆ ದೀಪ ಹಚ್ಚಲು ಹೋದರು.